ಸಾಬಿ ಸ್ಯಾಂಡಾ, ಮಡಿಕ್ವೆನಾ? ಅತ್ತೆ ಮತ್ತು 7 ವರ್ಷದ ಮಗಳ ಜೊತೆ ಸಫಾರಿ ಲಾಡ್ಜ್

ತುಮಕೂರಿನ ತಿರುಗಾಟ

ಎಲ್ಲರಿಗೂ ನಮಸ್ಕಾರ. ಮುಂದಿನ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗುವುದು ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ನಾನು, ನಮ್ಮ ಯಜಮಾನರು, 7 ವರ್ಷದ ಮಗಳು, ಜೊತೆಗೆ 68 ವರ್ಷದ ನಮ್ಮತ್ತೆ. ನಿಜ ಹೇಳಬೇಕು ಅಂದರೆ ಈ ಪ್ರವಾಸ ಅತ್ತೆಗೋಸ್ಕರವೇ. ಅವರು ಹುಟ್ಟಿ ಬೆಳೆದದ್ದು ಹೆಗ್ಗಡದೇವನಕೋಟೆ ಕಡೆ, ಕಾಡಂಚಿನ ಊರು. ಆನೆ ಹೊಲಕ್ಕೆ ಇಳಿದ ಕತೆಗಳನ್ನು ಇವತ್ತಿಗೂ ಮೊಮ್ಮಗಳಿಗೆ ಹೇಳುತ್ತಾರೆ. ಆಫ್ರಿಕಾದ ಆನೆಯನ್ನು ಒಂದು ಸಲ ಕಣ್ಣಾರೆ ನೋಡಬೇಕು ಅನ್ನುವುದು ಅವರ ಬಹಳ ದಿನದ ಆಸೆ.

ಏಜೆಂಟ್ ಎರಡು ದಾರಿ ತೋರಿಸಿದ್ದಾರೆ. ಒಂದು, ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪಕ್ಕದ ಸಾಬಿ ಸ್ಯಾಂಡ್ ಅನ್ನುವ ಖಾಸಗಿ ವನ್ಯಜೀವಿ ರಿಸರ್ವ್. ಇನ್ನೊಂದು, ಬೋಟ್ಸ್ವಾನಾ ಗಡಿ ಹತ್ತಿರದ ಮಡಿಕ್ವೆ ರಿಸರ್ವ್. ಎರಡರಲ್ಲೂ ಎಂಟು ಹತ್ತು ಕೋಣೆಗಳಷ್ಟೇ ಇರುವ ಚಿಕ್ಕ ಲಕ್ಷುರಿ ಲಾಡ್ಜ್‌ಗಳು. ರೇಟು ನೋಡಿ ಎದೆ ಝಲ್ ಎಂದಿತು. ಇಷ್ಟು ದುಡ್ಡು ಯಾವುದಕ್ಕೆ ಕೊಡುತ್ತೇವೆ ಅಂತ ಮೊದಲು ಅರ್ಥ ಆಗಬೇಕು. ಬಾತ್‌ಟಬ್, ಖಾಸಗಿ ಈಜುಕೊಳದ ಫೋಟೋ ಬೇಕಾದಷ್ಟು ಕಳಿಸಿದ್ದಾರೆ, ಕಾಡಿನ ವಿಷಯ ಕೇಳಿದರೆ ಮಾತ್ರ "ಎಲ್ಲಾ ಕಡೆ ಬಿಗ್ ಫೈವ್ ಇದೆ ಮೇಡಂ" (ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ) ಅಂತ ಒಂದೇ ಉತ್ತರ. ನಾಲ್ಕು ರಾತ್ರಿಗೆ ಎರಡು ಲಾಡ್ಜ್ ಬದಲಾಯಿಸುವ ಪ್ಲಾನ್ ಕೊಟ್ಟಿದ್ದಾರೆ, ಅದು ಸರಿಯಾ? ಅತ್ತೆಗೆ ಮಂಡಿನೋವು ಇದೆ, ಮೊಟ್ಟೆ ಕೂಡ ತಿನ್ನುವುದಿಲ್ಲ. ಹೋಗಿ ಬಂದವರು ದಯವಿಟ್ಟು ಬಿಡಿಸಿ ಹೇಳಿ.

ಜೋಬರ್ಗ್ ಕನ್ನಡಿಗ

ನಮಸ್ಕಾರ ಮೇಡಂ. ನಾನು ಜೋಹಾನ್ಸ್‌ಬರ್ಗ್‌ನಲ್ಲೇ ಕೆಲಸ ಮಾಡುವುದು, ಊರಿಂದ ಬಂದವರನ್ನು ಮಡಿಕ್ವೆಗೆ ಕರೆದುಕೊಂಡು ಹೋಗುವುದು ನಮ್ಮನೆಯಲ್ಲಿ ವಾಡಿಕೆಯೇ ಆಗಿಬಿಟ್ಟಿದೆ. ನಿಮ್ಮ ನಾಲ್ಕು ಜನಕ್ಕೆ ನಾನು ಮಡಿಕ್ವೆ ಅನ್ನುತ್ತೇನೆ. ಮೊದಲ ಕಾರಣ ಮಲೇರಿಯಾ. ಮಡಿಕ್ವೆಯಲ್ಲಿ ಮಲೇರಿಯಾ ಇಲ್ಲ, ಸಾಬಿ ಸ್ಯಾಂಡ್ ಇರುವ ಕಡೆ ಇದೆ. ಚಿಕ್ಕ ಮಗು, ವಯಸ್ಸಾದವರು ಇರುವಾಗ ಇದೊಂದೇ ಸಾಕು.

ಎರಡನೇ ಕಾರಣ ಆ ಜಾಗದ ಹುಟ್ಟು. ಅತ್ತೆಯವರಿಗೆ ಇದನ್ನು ಖಂಡಿತ ಹೇಳಿ. ಅದು ಮೊದಲು ದನ ಮೇಯಿಸುವ ಫಾರ್ಮುಗಳಿದ್ದ ನೆಲ. ಮೇಯಿಸಿ ಮೇಯಿಸಿ ಬರಡಾಗಿತ್ತು. ಆ ನೆಲದಲ್ಲಿ ದನ ಸಾಕಿದರೆ ಸುತ್ತಲಿನ ಜನಕ್ಕೆ ಲಾಭವಾ, ವನ್ಯಜೀವಿ ತಂದರೆ ಲಾಭವಾ ಅಂತ ಲೆಕ್ಕ ಹಾಕಿ ನೋಡಿದಾಗ ವನ್ಯಜೀವಿಯೇ ಗೆದ್ದಿತು. 1991ರಲ್ಲಿ ರಿಸರ್ವ್ ಅಂತ ಘೋಷಣೆ ಆಯಿತು. ಆಮೇಲೆ ಆಪರೇಷನ್ ಫೀನಿಕ್ಸ್ ಅನ್ನುವ ಹೆಸರಲ್ಲಿ ಕೆಲವೇ ವರ್ಷಗಳಲ್ಲಿ 8,000ಕ್ಕೂ ಹೆಚ್ಚು ಪ್ರಾಣಿಗಳನ್ನು ಬೇರೆ ಬೇರೆ ಕಡೆಯಿಂದ ತಂದು ಬಿಟ್ಟರು. ಜಿಂಬಾಬ್ವೆಯ ಗೊನಾರೆಝೌ ಕಾಡಿನಲ್ಲಿ ಬರ ಬಿದ್ದಿದ್ದಾಗ ಅಲ್ಲಿನ ಆನೆಗಳನ್ನು ಅಮ್ಮ, ಮರಿ, ದೊಡ್ಡಮ್ಮ ಅಂತ ಇಡೀ ಕುಟುಂಬಗಳಾಗಿಯೇ ಲಾರಿ ಹತ್ತಿಸಿ ಇಲ್ಲಿಗೆ ತಂದರು. ಈಗ ನೀವು ನೋಡುವ ಹಿಂಡುಗಳಲ್ಲಿ ಎಷ್ಟೋ ಆನೆಗಳು ಅವುಗಳ ಮಕ್ಕಳು ಮೊಮ್ಮಕ್ಕಳು. ಇಲ್ಲಿ ಹೆಣ್ಣಾನೆಗೂ ದಂತ ಇರುತ್ತದೆ, ನಮ್ಮ ಕಡೆಯ ಹೆಣ್ಣಾನೆಗೆ ಇರುವುದಿಲ್ಲ. ಕಾಡಂಚಲ್ಲಿ ಬೆಳೆದ ಅತ್ತೆ ಅದನ್ನು ಮೊದಲೇ ಗಮನಿಸುತ್ತಾರೆ ನೋಡಿ.

ಮಡಿಕ್ವೆ ಸುಮಾರು 75,000 ಹೆಕ್ಟೇರ್. ಒಳಗಿನ ಲಾಡ್ಜ್‌ನಲ್ಲಿ ಉಳಿದವರಿಗೆ ಬಿಟ್ಟರೆ ಬೇರೆಯವರಿಗೆ ಸಫಾರಿ ಇಲ್ಲ. ಬೆಳಗ್ಗೆ ಬಂದು ಸಂಜೆ ಹೋಗುವ ಪ್ರವಾಸಿಗರು ಇಲ್ಲ, ಬಸ್ಸು ಇಲ್ಲ. ಸಿಂಹ ಸಿಕ್ಕಿತು ಅಂದರೆ ಅಲ್ಲಿ ಹೆಚ್ಚೆಂದರೆ ಮೂರು ಗಾಡಿ, ಉಳಿದವರು ರೇಡಿಯೋದಲ್ಲಿ ಹೇಳಿ ದೂರದಲ್ಲಿ ಕಾಯುತ್ತಾರೆ. ಆ ನಿಶ್ಶಬ್ದಕ್ಕೇ ಅರ್ಧ ದುಡ್ಡು ಅನ್ನಿ.

ದಿನಚರಿ ಎಲ್ಲಾ ಕಡೆ ಹೆಚ್ಚು ಕಮ್ಮಿ ಒಂದೇ. ಬೆಳಗ್ಗೆ ಐದು, ಐದೂವರೆಗೆ ಗೈಡ್ ಬಂದು ಬಾಗಿಲು ತಟ್ಟುತ್ತಾರೆ. ಕಾಫಿ, ಅದ್ದಿ ತಿನ್ನುವ ಗಟ್ಟಿ ರಸ್ಕು, ಆಮೇಲೆ ಮೇಲ್ಛಾವಣಿ ಇಲ್ಲದ ಲ್ಯಾಂಡ್ ಕ್ರೂಸರ್‌ನಲ್ಲಿ ಮೂರು ಗಂಟೆ. ಬಂದು ತಿಂಡಿ, ಮಧ್ಯಾಹ್ನ ನಿದ್ದೆ, ಮೂರೂವರೆ ಹೊತ್ತಿಗೆ ಟೀ, ಮತ್ತೆ ಸಫಾರಿ. ಸೂರ್ಯ ಮುಳುಗುವಾಗ ಬಯಲಲ್ಲಿ ಗಾಡಿ ನಿಲ್ಲಿಸಿ ಏನಾದರೂ ಕುಡಿಯಲು ಕೊಡುತ್ತಾರೆ. ಕತ್ತಲಾದ ಮೇಲೆ ಸ್ಪಾಟ್‌ಲೈಟ್ ಹಾಕಿಕೊಂಡು ವಾಪಸ್. ರಾತ್ರಿ ಊಟ ಬಯಲಲ್ಲಿ, ಬೆಂಕಿ ಸುತ್ತ.

ಲಾಡ್ಜ್ ಬದಲಾಯಿಸಬೇಡಿ. ಬದಲಾಯಿಸುವ ದಿನ ಒಂದು ಸಫಾರಿ ಪೂರ್ತಿ ಕೈ ತಪ್ಪುತ್ತದೆ. ಅದಕ್ಕಿಂತ ಮುಖ್ಯ, ಒಂದೇ ಗೈಡ್ ಜೊತೆ ನಾಲ್ಕು ದಿನ ಇದ್ದರೆ ಎರಡನೇ ದಿನಕ್ಕೆ ನಿಮ್ಮ ಮನಸ್ಸು ಅವರಿಗೆ ತಿಳಿಯುತ್ತದೆ. ಅತ್ತೆಗೆ ಆನೆ ಇಷ್ಟ ಅಂದರೆ ಕೆರೆಯ ದಂಡೆಯಲ್ಲಿ ಒಂದು ಗಂಟೆ ಸುಮ್ಮನೆ ನಿಲ್ಲಿಸುತ್ತಾರೆ.

ಕಬಿನಿ ಕ್ಯಾಮೆರಾ

ಮಲೇರಿಯಾ ವಿಷಯ ಒಪ್ಪುತ್ತೇನೆ. ಆದರೆ ಸಾಬಿ ಸ್ಯಾಂಡ್ ಬಗ್ಗೆಯೂ ಯಾರಾದರೂ ಹೇಳಬೇಕಲ್ವಾ, ಯಾಕೆಂದರೆ ಜಗತ್ತಿನಲ್ಲಿ ಚಿರತೆಯನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನೋಡಬಹುದಾದ ಜಾಗ ಇನ್ನೊಂದಿಲ್ಲ ಅಂತ ನನ್ನ ನಂಬಿಕೆ.

ಸಾಬಿ ಸ್ಯಾಂಡ್ ಮತ್ತು ಕ್ರೂಗರ್ ಮಧ್ಯದ ಬೇಲಿಯನ್ನು 1993ರಲ್ಲೇ ಕಿತ್ತಿದ್ದಾರೆ. ಹಾಗಾಗಿ ಪ್ರಾಣಿಗಳು ಆ ಕಡೆ ಈ ಕಡೆ ಓಡಾಡುತ್ತವೆ. ಅಲ್ಲಿನ ಚಿರತೆಗಳು ತಲೆಮಾರುಗಳಿಂದ ಸಫಾರಿ ಗಾಡಿ ನೋಡಿಕೊಂಡೇ ಬೆಳೆದಿವೆ. ಗಾಡಿ ಅಂದರೆ ಅವಕ್ಕೆ ಬೇಟೆಯೂ ಅಲ್ಲ, ಅಪಾಯವೂ ಅಲ್ಲ. ನಮ್ಮ ಕಬಿನಿಯಲ್ಲಿ ಚಿರತೆ ಮರದ ಮೇಲೆ ಸಿಕ್ಕರೆ ನಮ್ಮ ಅದೃಷ್ಟ. ರಸ್ತೆ ಬಿಟ್ಟು ಇಳಿಯುವ ಹಾಗಿಲ್ಲ, ಹೊತ್ತು ಮುಗಿದರೆ ಗೇಟಿಗೆ ಓಡಬೇಕು. ಅದು ಅರಣ್ಯ ಇಲಾಖೆಯ ನಿಯಮ, ನಮ್ಮ ಕಾಡಿಗೆ ಅದು ಸರಿಯೂ ಹೌದು. ಸಾಬಿ ಸ್ಯಾಂಡ್ ಖಾಸಗಿ ನೆಲ. ಚಿರತೆಯೋ ಸಿಂಹವೋ ಸಿಕ್ಕರೆ ಪೊದೆಗಳ ಮಧ್ಯೆಯೇ ನಿಧಾನಕ್ಕೆ ಗಾಡಿ ಬಿಡುತ್ತಾರೆ, ಕತ್ತಲಾದ ಮೇಲೂ ಇರಬಹುದು.

ನೀವು ಕೇಳಿದ ಮುಖ್ಯ ಪ್ರಶ್ನೆ, ದುಡ್ಡು ಯಾವುದಕ್ಕೆ ಅಂತ. ನನ್ನ ಪ್ರಕಾರ ಗಾಡಿಯಲ್ಲಿ ಇರುವ ಇಬ್ಬರಿಗೆ. ಒಬ್ಬರು ಗೈಡ್, ಇನ್ನೊಬ್ಬರು ಟ್ರ್ಯಾಕರ್. ಟ್ರ್ಯಾಕರ್ ಕೂರುವುದು ಗಾಡಿಯ ಮುಂದೆ, ಬಾನೆಟ್‌ಗೆ ಸಿಕ್ಕಿಸಿದ ಒಂದು ಪುಟ್ಟ ಸೀಟಿನಲ್ಲಿ. ಬಹಳಷ್ಟು ಜನ ಅಲ್ಲೇ ಪಕ್ಕದ ಹಳ್ಳಿಗಳ ಶಾಂಗಾನ್ ಸಮುದಾಯದವರು. ಮರಳಿನ ಮೇಲಿನ ಹೆಜ್ಜೆ ನೋಡಿ ಇದು ರಾತ್ರಿ ಹೋದದ್ದಾ, ಬೆಳಗಿನದಾ ಅಂತ ಹೇಳುತ್ತಾರೆ. ಹೆಜ್ಜೆಯ ಮೇಲೆ ಹುಳ ಹರಿದ ಗುರುತು ಇದ್ದರೆ ಹಳೆಯದು. ಇಬ್ಬನಿ ಬಿದ್ದ ಮೇಲೆ ಮೂಡಿದ ಹೆಜ್ಜೆ ಬೇರೆಯೇ ಕಾಣುತ್ತದೆ. ಜಿಂಕೆಯಂಥ ಇಂಪಾಲಾ ಗಾಬರಿಯಿಂದ ಸೀನಿದ ಹಾಗೆ ಸದ್ದು ಮಾಡಿದರೆ, ಅಳಿಲು ಬಿಡದೆ ಕಿರುಚಿದರೆ ಗಾಡಿ ನಿಲ್ಲಿಸಿ ಕಿವಿ ಕೊಡುತ್ತಾರೆ. ಒಮ್ಮೊಮ್ಮೆ ಗಾಡಿಯಿಂದ ಇಳಿದು ಇಬ್ಬರೂ ನಡೆದುಕೊಂಡೇ ಪೊದೆಯೊಳಗೆ ಹೋಗಿ ನೋಡಿ ಬರುತ್ತಾರೆ. ನಾವು ಉಸಿರು ಬಿಗಿಹಿಡಿದು ಕೂತಿರುತ್ತೇವೆ. ಪ್ರಾಣಿ ಸಿಗುವುದಕ್ಕಿಂತ ಆ ಹುಡುಕಾಟ ನೋಡುವುದೇ ನನಗೆ ದೊಡ್ಡದು. ನಮ್ಮ ನಾಗರಹೊಳೆ ಕಡೆಯ ಜೇನುಕುರುಬರು ಕಾಡು ಓದುವುದನ್ನು ನೋಡಿದವರಿಗೆ ಇದು ಎಂಥ ವಿದ್ಯೆ ಅಂತ ಗೊತ್ತಾಗುತ್ತದೆ.

ಮಡಿಕ್ವೆಯ ಹಲವು ಲಾಡ್ಜ್‌ಗಳಲ್ಲಿ ಟ್ರ್ಯಾಕರ್ ಇರುವುದಿಲ್ಲ, ಗೈಡ್ ಒಬ್ಬರೇ ಎರಡೂ ಕೆಲಸ ಮಾಡುತ್ತಾರೆ. ಅದು ಕೆಟ್ಟದ್ದು ಅಂತಲ್ಲ, ಗೊತ್ತಿರಲಿ ಅಂತ.

ಎಲ್ಲಿಗೇ ಹೋಗಿ, ಏಜೆಂಟ್ ಹತ್ತಿರ ಕೋಣೆಯ ಫೋಟೋ ಕೇಳಬೇಡಿ. ಒಂದು ಗಾಡಿಗೆ ಎಷ್ಟು ಜನ ಕೂರಿಸುತ್ತೀರಿ, ಟ್ರ್ಯಾಕರ್ ಇದ್ದಾರಾ, ನಿಮ್ಮ ಗಾಡಿ ಎಷ್ಟು ಜಾಗದಲ್ಲಿ ಓಡಾಡಬಹುದು, ಈ ಮೂರನ್ನು ಬರೆದು ಕೇಳಿ. ಕೆಲವು ಲಾಡ್ಜ್‌ಗಳಿಗೆ ಪಕ್ಕದವರ ಜಮೀನಿಗೆ ಹೋಗುವ ಹಕ್ಕು ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಚಿರತೆ ಬೇಲಿ ಇಲ್ಲದ ಗಡಿ ದಾಟಿ ಹೋದರೆ ನಿಮ್ಮ ಗಾಡಿ ನಿಂತುಬಿಡುತ್ತದೆ. ಆರು ಜನ ಕೂರುವ ಗಾಡಿಗೂ ಹತ್ತು ಜನ ಕೂರುವ ಗಾಡಿಗೂ ಅಜಗಜಾಂತರ. ಮೂರನೇ ಸಾಲಿನ ನಡುವೆ ಸಿಕ್ಕಿಕೊಂಡರೆ ಮಗುವಿಗೆ ಏನೂ ಕಾಣುವುದಿಲ್ಲ.

ಕೆಂಪು ಬಸ್ಸು

ಇಬ್ಬರೂ ದುಡ್ಡಿರುವವರ ಮಾತೇ ಆಡುತ್ತಿದ್ದೀರಿ. ಸಾಬಿ ಸ್ಯಾಂಡ್‌ನ ಹೆಸರುವಾಸಿ ಲಾಡ್ಜ್‌ಗಳಲ್ಲಿ ಒಬ್ಬರಿಗೆ ಒಂದು ರಾತ್ರಿಗೆ 1,000 ಡಾಲರ್ ದಾಟುವುದು ಮಾಮೂಲಿ. ನಾಲ್ಕು ಜನ, ನಾಲ್ಕು ರಾತ್ರಿ ಲೆಕ್ಕ ಹಾಕಿ.

ಅದೇ ಪಕ್ಕದ ಕ್ರೂಗರ್‌ಗೆ ಬಾಡಿಗೆ ಕಾರಿನಲ್ಲಿ ನೀವೇ ಹೋಗಬಹುದು. ಸುಮಾರು 20,000 ಚದರ ಕಿಲೋಮೀಟರ್ ಕಾಡು, ಒಳಗೇ ಸರ್ಕಾರಿ ಕ್ಯಾಂಪುಗಳು. ಸ್ಕುಕುಝಾ, ಲೋವರ್ ಸಾಬಿ, ಸತಾರಾ. ಹಲವು ಕಾಟೇಜುಗಳಲ್ಲಿ ಅಡುಗೆ ಮಾಡಿಕೊಳ್ಳಲು ಜಾಗ ಇದೆ, ಅನ್ನ ಸಾರು ಮಾಡಿಕೊಂಡು ತಿನ್ನಬಹುದು. ಅತ್ತೆಯವರ ಊಟದ ಚಿಂತೆ ಅಲ್ಲಿಗೇ ಮುಗಿಯಿತು. ಗಾಡಿ ಎಡಗಡೆಯೇ ಓಡಿಸುವುದು, ನಮ್ಮ ಹಾಗೆ. ಟಾರು ರಸ್ತೆಯಲ್ಲಿ 50 ಕಿಲೋಮೀಟರ್ ವೇಗ, ಮಣ್ಣಿನ ರಸ್ತೆಯಲ್ಲಿ 40. ಗುರುತು ಮಾಡಿದ ಜಾಗ ಬಿಟ್ಟು ಎಲ್ಲೂ ಇಳಿಯುವ ಹಾಗಿಲ್ಲ. ಸಂಜೆ ಗೇಟು ಮುಚ್ಚುವ ಮುಂಚೆ ಕ್ಯಾಂಪ್ ಸೇರಬೇಕು. ರಾತ್ರಿ ಸಫಾರಿ ಬೇಕು ಅಂದರೆ ಕ್ಯಾಂಪಿನವರೇ ದೊಡ್ಡ ಗಾಡಿಯಲ್ಲಿ ಕರೆದುಕೊಂಡು ಹೋಗುತ್ತಾರೆ, ಅದಕ್ಕೆ ಬೇರೆ ಟಿಕೆಟ್.

ಲೋವರ್ ಸಾಬಿಯಲ್ಲಿ ಹೊಳೆಯ ಮೇಲೆ ಕೂತು ಚಹಾ ಕುಡಿಯುತ್ತಾ ನೀರಾನೆ, ಆನೆ ನೋಡುವ ಸುಖಕ್ಕೆ ಸಾವಿರ ಡಾಲರ್ ಬೇಡ. ಆನೆಗಳು ಕಾರಿನ ಮುಂದೆಯೇ ರಸ್ತೆ ದಾಟುತ್ತವೆ. ಗೈಡ್ ಇಲ್ಲದೆ ನಾವೇ ಹುಡುಕಿ ಒಂದು ಸಿಂಹ ಕಂಡರೆ ಅದರ ಸಂತೋಷವೇ ಬೇರೆ.

ತುಮಕೂರಿನ ತಿರುಗಾಟ

ಮೂವರಿಗೂ ತುಂಬಾ ಧನ್ಯವಾದ. ಕ್ರೂಗರ್ ಐಡಿಯಾ ಚೆನ್ನಾಗಿದೆ. ಆದರೆ ಯಜಮಾನರಿಗೆ ಇಡೀ ದಿನ ಕಾರು ಓಡಿಸುವುದೇ ಆದರೆ ಅವರಿಗೆ ರಜೆ ಎಲ್ಲಿ? ಅತ್ತೆಗೂ ಕಾರಿನಲ್ಲಿ ಕಾಲು ಮಡಚಿಕೊಂಡು ಐದಾರು ಗಂಟೆ ಆಗುವುದಿಲ್ಲ. ಹಾಗಾಗಿ ಲಾಡ್ಜ್ ಕಡೆಗೇ ಮನಸ್ಸು ವಾಲುತ್ತಿದೆ.

ಇನ್ನೂ ಕೆಲವು ಅನುಮಾನ. ಮಲೇರಿಯಾ ಮಾತ್ರೆ ತಗೊಂಡರೆ ಸಾಬಿ ಸ್ಯಾಂಡ್‌ಗೆ ಹೋಗಬಹುದಾ? 7 ವರ್ಷದ ಮಗುವನ್ನು ತೆರೆದ ಗಾಡಿಯಲ್ಲಿ ಬಿಡುತ್ತಾರಾ? ಆ ಎತ್ತರದ ಗಾಡಿಗೆ ಅತ್ತೆ ಹತ್ತುವುದು ಹೇಗೆ? ಟಿಪ್ಸ್ ಎಷ್ಟು, ಯಾರಿಗೆ?

ಮಲೆನಾಡ ಡಾಕ್ಟರ್

ಔಷಧಿಯ ವಿಷಯ ಮಾತ್ರ ಹೇಳುತ್ತೇನೆ. ಕೊನೆಗೆ ನಿಮ್ಮ ಡಾಕ್ಟರ್ ಹತ್ತಿರ ಕೂತು ಮಾತಾಡಿಯೇ ತೀರ್ಮಾನ ಮಾಡಿ.

ಕ್ರೂಗರ್ ಕಡೆ ಮಲೇರಿಯಾ ಕಾಟ ಮಳೆಗಾಲದ್ದು. ಹೆಚ್ಚು ಕಮ್ಮಿ ಅಕ್ಟೋಬರ್‌ನಿಂದ ಮೇವರೆಗೆ. ಅಲ್ಲಿ ಜೂನ್ ಹೊತ್ತಿಗೆ ಶುರುವಾಗುವ ಚಳಿಗಾಲದಲ್ಲಿ ಕಮ್ಮಿ, ಆದರೆ ನೀವು ಹೋಗುವ ಮೇ ಇನ್ನೂ ಆ ಕಾಲದ ಬಾಲದಲ್ಲೇ ಇದೆ. ಅಲ್ಲಿನದು ಫಾಲ್ಸಿಪಾರಂ ಮಲೇರಿಯಾ, ಮಕ್ಕಳಲ್ಲಿ ಬೇಗ ಜೋರಾಗುವ ಜಾತಿ. "ನಾವು ಇಂಡಿಯಾದವರು, ಸೊಳ್ಳೆ ಕಚ್ಚಿ ಅಭ್ಯಾಸ" ಅನ್ನುವ ಮಾತು ತುಂಬಾ ಕೇಳುತ್ತೇನೆ. ಅದಕ್ಕೆ ಯಾವ ಅರ್ಥವೂ ಇಲ್ಲ. ತಡೆಗೆ ಕೊಡುವ ಡಾಕ್ಸಿಸೈಕ್ಲಿನ್ ಅನ್ನು 8 ವರ್ಷದ ಒಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಅಟೊವಾಕ್ವೋನ್-ಪ್ರೊಗ್ವಾನಿಲ್ ಅನ್ನು ತೂಕ ನೋಡಿ ಕೊಡಬಹುದು. ಹೋಗುವ ಒಂದೆರಡು ದಿನ ಮುಂಚೆ ಶುರು, ಬಂದ ಮೇಲೆ ಇನ್ನೂ 7 ದಿನ. ಅಂದರೆ ಹೋಗಬಹುದು. ಹೋಗಲೇಬೇಕು ಅಂತೇನೂ ಇಲ್ಲದಿದ್ದರೆ ಮಲೇರಿಯಾ ಇಲ್ಲದ ಕಡೆ ಹೋಗುವುದೇ ನೆಮ್ಮದಿ.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ಹಳದಿ ಜ್ವರ, ಅಂದರೆ ಯೆಲ್ಲೋ ಫೀವರ್. ಭಾರತದಿಂದ ನೇರ ಹೋದರೆ ದಕ್ಷಿಣ ಆಫ್ರಿಕಾ ಅದರ ಲಸಿಕೆಯ ಸರ್ಟಿಫಿಕೇಟ್ ಕೇಳುವುದಿಲ್ಲ. ಆದರೆ ಕೆನ್ಯಾಕ್ಕೆ ಹೋಗಿ ಅಲ್ಲಿಂದ ಹೋದರೆ ಕೇಳುತ್ತಾರೆ. ಹಳದಿ ಜ್ವರ ಇರುವ ದೇಶದ ಏರ್‌ಪೋರ್ಟಿನಲ್ಲಿ 12 ಗಂಟೆಗಿಂತ ಜಾಸ್ತಿ ಕಾದರೂ ಕೇಳುತ್ತಾರೆ. ಆಡಿಸ್ ಅಬಾಬಾ ಮೇಲೆ ಟಿಕೆಟ್ ಅಗ್ಗ ಸಿಗುತ್ತದೆ, ಇಥಿಯೋಪಿಯಾ ಆ ಪಟ್ಟಿಯಲ್ಲಿದೆ. 60 ದಾಟಿದವರಿಗೆ ಆ ಲಸಿಕೆಯಿಂದ ಗಂಭೀರ ತೊಂದರೆ ಆಗುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ನಿಮ್ಮತ್ತೆಗೆ ಅದರ ಗೋಜೇ ಬೇಡ. ಸ್ವಲ್ಪ ದುಡ್ಡು ಜಾಸ್ತಿಯಾದರೂ ದುಬೈ ಅಥವಾ ದೋಹಾ ಮೇಲೆ ಬುಕ್ ಮಾಡಿ. ಬಿಪಿ, ಶುಗರ್ ಮಾತ್ರೆ ಕೈಚೀಲದಲ್ಲೇ ಇರಲಿ, ಲಾಡ್ಜ್ ಹತ್ತಿರ ಮೆಡಿಕಲ್ ಶಾಪ್ ಇರುವುದಿಲ್ಲ.

ಜೋಬರ್ಗ್ ಕನ್ನಡಿಗ

ಡಾಕ್ಟರ್ ಹೇಳಿದ ಮೇಲೆ ನಾನು ಹೆಚ್ಚು ಹೇಳುವುದಿಲ್ಲ. ಉಳಿದದ್ದಕ್ಕೆ ಉತ್ತರ ಕೊಡುತ್ತೇನೆ.

ಮಗುವಿನ ವಿಷಯ: ಒಂದೊಂದು ಲಾಡ್ಜ್‌ಗೆ ಒಂದೊಂದು ನಿಯಮ. ಕೆಲವು ಕಡೆ 12ರ ಒಳಗಿನ ಮಕ್ಕಳನ್ನು ಲಾಡ್ಜ್‌ಗೇ ಸೇರಿಸುವುದಿಲ್ಲ. ಹಲವು ಕಡೆ 6 ದಾಟಿದ ಮಕ್ಕಳು ಸಫಾರಿ ಗಾಡಿ ಹತ್ತಬಹುದು. ಬುಕ್ ಮಾಡುವ ಮುಂಚೆ ಮಗಳ ವಯಸ್ಸು ಬರೆದು, ಅವರಿಂದ ಒಪ್ಪಿಗೆ ಇಮೇಲ್‌ನಲ್ಲೇ ತರಿಸಿಕೊಳ್ಳಿ. ಬಾಯಿಮಾತು ಬೇಡ. ನಡೆದು ಹೋಗುವ ಸಫಾರಿಗೆ ಮಕ್ಕಳನ್ನು ಬಿಡುವುದಿಲ್ಲ. ಲಾಡ್ಜ್ ಸುತ್ತ ಬೇಲಿ ಇದೆಯಾ ಅಂತಲೂ ಕೇಳಿ. ಬಹಳ ಕಡೆ ಬೇಲಿ ಇರುವುದಿಲ್ಲ, ಕತ್ತಲಾದ ಮೇಲೆ ಕೋಣೆಯಿಂದ ಊಟಕ್ಕೆ ಹೋಗಲೂ ಸಿಬ್ಬಂದಿ ಜೊತೆಗೆ ಬರಬೇಕು. ಕೆಲವು ಕಡೆ ಆನೆ ಬರದ ಹಾಗೆ ವಿದ್ಯುತ್ ತಂತಿ ಹಾಕಿರುತ್ತಾರೆ. ಓಡಾಡುವ ಮಗು ಇರುವಾಗ ಅಂಥ ಕಡೆ ಒಳ್ಳೆಯದು. ಗಾಡಿಯಲ್ಲಿ ಎದ್ದು ನಿಲ್ಲಬಾರದು, ಕಿರುಚಬಾರದು ಅಂತ ಈಗಿನಿಂದಲೇ ಹೇಳಿಕೊಡಿ. ಪ್ರಾಣಿಗಳಿಗೆ ಗಾಡಿ ಮತ್ತು ಅದರೊಳಗಿನ ಜನ ಎಲ್ಲಾ ಸೇರಿ ಒಂದೇ ಆಕಾರ. ಒಬ್ಬರು ಎದ್ದು ನಿಂತರೆ ಆ ಆಕಾರ ಒಡೆಯುತ್ತದೆ, ಪ್ರಾಣಿ ಬೆದರುತ್ತದೆ.

ಮಂಡಿನೋವು: ಗೈಡ್ ಪಕ್ಕದ ಮುಂದಿನ ಸೀಟು ಅತ್ತೆಗೆ ಅಂತ ಮೊದಲೇ ಹೇಳಿಡಿ. ಅಲ್ಲಿ ಎತ್ತರ ಕಮ್ಮಿ, ಕುಲುಕಾಟವೂ ಕಮ್ಮಿ. ಹತ್ತಲು ಮರದ ಮೆಟ್ಟಿಲು ಇಡುತ್ತಾರೆ, ಕೇಳಬೇಕು ಅಷ್ಟೇ. ಕೈಯಲ್ಲಿ ದುಡ್ಡು ಇದ್ದರೆ ಖಾಸಗಿ ಗಾಡಿ ತೆಗೆದುಕೊಳ್ಳಿ. ಅದು ದುಬಾರಿ. ಆದರೆ ನಿಮ್ಮ ಮನೆಯವರಿಗೆ ಅದರಷ್ಟು ಉಪಯೋಗದ ಖರ್ಚು ಬೇರೊಂದಿಲ್ಲ. ಮಗಳಿಗೆ ಬಾತ್‌ರೂಮ್ ಬಂತು, ಅತ್ತೆಗೆ ಸುಸ್ತಾಯಿತು, ವಾಪಸ್ ಹೋಗೋಣ ಅಂದರೆ ಬೇರೆ ಅತಿಥಿಗಳ ಮುಖ ನೋಡಬೇಕಾಗಿಲ್ಲ. ಈಜುಕೊಳದ ಕೋಣೆ ಬಿಟ್ಟು ಸಾದಾ ಕೋಣೆ ತಗೊಂಡು, ಉಳಿದ ದುಡ್ಡನ್ನು ಗಾಡಿಗೆ ಹಾಕಿ.

ಊಟ: ಚಿಂತೆ ಬೇಡವೇ ಬೇಡ. ಈ ದೇಶದಲ್ಲಿ ತಲೆಮಾರುಗಳಿಂದ ಭಾರತೀಯರು ಇದ್ದಾರೆ, ಡರ್ಬನ್ ಕಡೆಯಂತೂ ಜಾಸ್ತಿ. ಸಸ್ಯಾಹಾರ ಅಂದರೆ ಅಡುಗೆಯವರಿಗೆ ಗೊತ್ತು. ಆದರೆ ಸಸ್ಯಾಹಾರಿ ಅಂತ ಮಾತ್ರ ಬರೆದರೆ ಮೊಟ್ಟೆ ಹಾಕುತ್ತಾರೆ, ಸೂಪಿಗೆ ಮಾಂಸದ ರಸ ಹಾಕುತ್ತಾರೆ. ಮಾಂಸ, ಮೀನು, ಮೊಟ್ಟೆ, ಮಾಂಸ ಬೇಯಿಸಿದ ನೀರು ಯಾವುದೂ ಬೇಡ ಅಂತ ಒಂದೊಂದನ್ನೂ ಬರೆದು ಕಳಿಸಿ. ಅತ್ತೆಗೆ ಪಾಪ್ ತಿನ್ನಿಸಿ. ಮುಸುಕಿನ ಜೋಳದ ಹಿಟ್ಟಿನದು, ಬಿಳಿ, ನಮ್ಮ ಮುದ್ದೆಯ ಹಾಗೆಯೇ ಮುರಿದು ಅದ್ದಿ ತಿನ್ನುವುದು. ಜೊತೆಗೆ ಚಕಲಾಕಾ ಅಂತ ಖಾರದ ಪಲ್ಯ, ಟೊಮೆಟೊ ಕ್ಯಾರೆಟ್ ಕಾಳು ಹಾಕಿದ್ದು. ಮೊರೊಗೊ ಅಂದರೆ ಸೊಪ್ಪು. ನಮ್ಮಮ್ಮ ಬಂದಾಗ ಬೇರೆಲ್ಲಾ ಬಿಟ್ಟು ಇದನ್ನೇ ಕೇಳಿ ಹಾಕಿಸಿಕೊಂಡರು.

ಟಿಪ್ಸ್: ಲಾಡ್ಜ್‌ನವರೇ ಒಂದು ಚೀಟಿಯಲ್ಲಿ ಅಂದಾಜು ಬರೆದಿಟ್ಟಿರುತ್ತಾರೆ. ಗೈಡ್‌ಗೆ ಬೇರೆ, ಟ್ರ್ಯಾಕರ್ ಇದ್ದರೆ ಅವರಿಗೆ ಬೇರೆ, ಹೊರಡುವ ದಿನ ಕೈಗೇ ಕೊಡುವುದು. ಅಡುಗೆ, ಕೋಣೆ ಸ್ವಚ್ಛ ಮಾಡುವವರಿಗೆಲ್ಲಾ ಸೇರಿ ರಿಸೆಪ್ಷನ್‌ನಲ್ಲಿ ಒಂದು ಡಬ್ಬಿ. ಆ ಡಬ್ಬಿಯನ್ನು ಮರೆಯಬೇಡಿ, ಕಣ್ಣಿಗೆ ಬೀಳದೆ ಕೆಲಸ ಮಾಡುವವರೇ ಅಲ್ಲಿ ಜಾಸ್ತಿ.

ರೇಟಿನಲ್ಲಿ ಸಾಮಾನ್ಯವಾಗಿ ಕೋಣೆ, ಮೂರು ಹೊತ್ತು ಊಟ, ದಿನಕ್ಕೆ ಎರಡು ಸಫಾರಿ ಸೇರಿರುತ್ತದೆ. ಗೇಟಿನ ಶುಲ್ಕ, ಸಂರಕ್ಷಣಾ ಶುಲ್ಕ, ಓಡಾಟದ ಖರ್ಚು ಬೇರೆ.

ಮೇ ಕೊನೆಗೆ ಬೆಳಗಿನ ಜಾವ ಕೊರೆಯುವ ಚಳಿ. ಗಾಡಿಯಲ್ಲಿ ಕಂಬಳಿ, ಬಿಸಿನೀರಿನ ಚೀಲ ಕೊಡುತ್ತಾರೆ, ಆದರೂ ಕುಲಾವಿ, ಸ್ವೆಟರ್, ಕೈಗವಸು ತನ್ನಿ. ಹುಲ್ಲು ಒಣಗಲು ಶುರುವಾಗಿರುತ್ತದೆ, ಪ್ರಾಣಿಗಳು ನೀರಿನ ಹತ್ತಿರ ಬರುತ್ತವೆ, ಒಳ್ಳೆಯ ಕಾಲವೇ.

ಕಾಡಿನ ಕಾಳಜಿ

ಎಲ್ಲರೂ ಮಡಿಕ್ವೆಯ ಒಳ್ಳೆಯದನ್ನೇ ಹೇಳುತ್ತಿದ್ದೀರಿ. ಅಲ್ಲಿನ ಆನೆಗಳ ಕಷ್ಟವನ್ನೂ ಹೇಳಬೇಕು, ಅತ್ತೆಯವರು ಆನೆಗೋಸ್ಕರವೇ ಬರುತ್ತಿರುವುದರಿಂದ. ಆ ರಿಸರ್ವ್ ಸುತ್ತ ವಿದ್ಯುತ್ ಬೇಲಿ ಇದೆ. ತಂದು ಬಿಟ್ಟ ಆನೆಗಳು ಚೆನ್ನಾಗಿ ಬೆಳೆದವು, ಈಗ ಆ ನೆಲ ತಡೆಯುವುದಕ್ಕಿಂತ ಬಹಳ ಜಾಸ್ತಿ ಇವೆ. 2024ರ ಬರದಲ್ಲಿ ಮೇವು ಸಿಗದೆ ಎಷ್ಟೋ ಆನೆಗಳು ಸತ್ತವು. ಕೆಲವು ಕಡೆ ಮರಗಳ ತೊಗಟೆ ಸುಲಿದು, ಕೊಂಬೆ ಮುರಿದು ಬೋಳಾಗಿರುವುದು ನಿಮಗೂ ಕಾಣುತ್ತದೆ. ನಮ್ಮ ಕಬಿನಿ ಆನೆಗಳು ನೀರು ಮೇವು ಹುಡುಕಿಕೊಂಡು ವಯನಾಡು, ಬಂಡೀಪುರ, ಮುದುಮಲೆ ಅಂತ ಕಾಡಿನಿಂದ ಕಾಡಿಗೆ ಹೋಗುತ್ತವೆ. ಅಲ್ಲಿನವಕ್ಕೆ ಆ ದಾರಿ ಇಲ್ಲ. ಕೆಲವನ್ನು ಸಾಯಿಸಬೇಕಾ, ಬೇರೆ ಕಡೆ ಸಾಗಿಸಬೇಕಾ ಅಂತ ದೊಡ್ಡ ಚರ್ಚೆಯೇ ನಡೆದಿದೆ. ಗೈಡ್ ಹತ್ತಿರ ನೇರವಾಗಿ ಕೇಳಿ. ಒಳ್ಳೆಯ ಗೈಡ್ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದಿಲ್ಲ.

ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಜನ ಬರುವುದು ನಿಂತರೆ ಆ ನೆಲ ಮತ್ತೆ ದನದ ಫಾರ್ಮ್ ಆಗುತ್ತದೆ, ಆಗ ಆನೆಯೂ ಇಲ್ಲ, ಕೆಲಸವೂ ಇಲ್ಲ. ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ನೋಡಿ ಆರಿಸಿ ಅಂತ ಅಷ್ಟೇ. ಮಡಿಕ್ವೆಯಲ್ಲಿ ಪಕ್ಕದ ಹಳ್ಳಿಯವರೇ ಒಡೆಯರಾಗಿರುವ ಲಾಡ್ಜ್‌ಗಳಿವೆ. ಲೆಕ್ಗೊಫುಂಗ್ ಹಳ್ಳಿಯವರದು ಬಫೆಲೋ ರಿಜ್, ಮೊಲಾಟೇಡಿಯವರದು ಥಕಾಡು ರಿವರ್ ಕ್ಯಾಂಪ್. ಇಂಥವನ್ನೂ ನಿಮ್ಮ ಏಜೆಂಟ್ ಪಟ್ಟಿಗೆ ಸೇರಿಸಲಿ. ಕೋಣೆ ಸಿಗುತ್ತದಾ, ಮಗಳ ವಯಸ್ಸಿಗೆ ಒಪ್ಪುತ್ತಾರಾ ಅಂತ ವಿಚಾರಿಸಿ.

ಘೇಂಡಾಮೃಗ ಕಂಡರೆ ಫೋಟೋ ಹಾಕುವಾಗ ಫೋನಿನ ಲೊಕೇಶನ್ ಆಫ್ ಮಾಡಿ. ಕೊಂಬಿಗಾಗಿ ಕೊಲ್ಲುವವರು ಅದನ್ನೂ ನೋಡುತ್ತಾರೆ. ಹಲವು ರಿಸರ್ವ್‌ಗಳಲ್ಲಿ ಅದಕ್ಕೇ ಅವುಗಳ ಕೊಂಬನ್ನು ಮೊದಲೇ ಕತ್ತರಿಸಿರುತ್ತಾರೆ. ಮಗಳು ಕೇಳಿದರೆ ಯಾಕೆ ಅಂತ ಹೇಳಿ, ಅವಳಿಗೆ ಅರ್ಥವಾಗುತ್ತದೆ.

ಕಬಿನಿ ಕ್ಯಾಮೆರಾ

ಮೇಲಿನವರ ಮಾತಿಗೆ ನನ್ನದೂ ಸಹಮತ. ಸಾಬಿ ಸ್ಯಾಂಡ್ ಆಸೆಯನ್ನು ಮಗಳು ದೊಡ್ಡವಳಾದ ಮೇಲೆ ತೀರಿಸಿಕೊಳ್ಳಿ. ಮಡಿಕ್ವೆಯಲ್ಲಿ ಕಾಡುನಾಯಿಗಳಿವೆ, ಅವುಗಳ ಬಗ್ಗೆ ದಿನಾ ಬೆಳಗ್ಗೆ ಗೈಡ್ ಹತ್ತಿರ ವಿಚಾರಿಸಿ. ನಮ್ಮ ಸೀಳುನಾಯಿಯ ಜಾತಿ ಅಲ್ಲ, ಬೇರೆಯೇ. ಮೈಮೇಲೆ ಕಪ್ಪು, ಹಳದಿ, ಬಿಳಿ ಮಚ್ಚೆ, ದುಂಡು ಕಿವಿ. ಒಂದರ ಮಚ್ಚೆ ಇನ್ನೊಂದಕ್ಕಿಲ್ಲ. ಆಫ್ರಿಕಾದಲ್ಲೇ ಅಪರೂಪ ಆಗುತ್ತಿರುವ ಪ್ರಾಣಿ. ಮೇ ಕೊನೆ, ಜೂನ್ ಹೊತ್ತಿಗೆ ಮರಿ ಹಾಕಲು ಗೂಡು ಹಿಡಿಯುತ್ತವೆ, ಒಂದೇ ಕಡೆ ಇರುವುದರಿಂದ ಸಿಗುವ ಸಾಧ್ಯತೆ ಜಾಸ್ತಿ.

ತುಮಕೂರಿನ ತಿರುಗಾಟ

ಮಡಿಕ್ವೆಯೇ ಗಟ್ಟಿ ಮಾಡಿದೆವು. ಒಂದೇ ಲಾಡ್ಜ್, ನಾಲ್ಕು ರಾತ್ರಿ, ಸಾದಾ ಕೋಣೆ, ಖಾಸಗಿ ಗಾಡಿ. ಹಳ್ಳಿಯವರ ಲಾಡ್ಜ್‌ಗೂ ಬರೆದಿದ್ದೇವೆ, ಉತ್ತರ ಕಾಯುತ್ತಿದ್ದೇವೆ. ಗೊನಾರೆಝೌ ಆನೆಗಳ ವಿಷಯ ಅತ್ತೆಗೆ ಓದಿ ಹೇಳಿದೆ. ಮರಿಗಳನ್ನು ತಾಯಿಯ ಜೊತೆಗೇ ತಂದರಾ ಅಂತ ಅದನ್ನೇ ಎರಡು ಸಲ ಕೇಳಿದರು. ಇನ್ನೊಂದೇ ಪ್ರಶ್ನೆ. ಜೋಹಾನ್ಸ್‌ಬರ್ಗ್‌ನಿಂದ ಕಾರಾ, ವಿಮಾನವಾ?

ಜೋಬರ್ಗ್ ಕನ್ನಡಿಗ

ಹೌದು ಮೇಡಂ, ಮರಿಗಳೂ ತಾಯಂದಿರ ಜೊತೆಗೇ ಬಂದವು.

ಚಿಕ್ಕ ವಿಮಾನ ಇದೆ, ರಿಸರ್ವ್ ಒಳಗೇ ಇಳಿಯುತ್ತದೆ. ಒಂದು ಗಂಟೆಯೊಳಗಿನ ಹಾದಿ. ತೂಕದ ಮಿತಿ ಕಟ್ಟುನಿಟ್ಟು, ಗಟ್ಟಿ ಸೂಟ್‌ಕೇಸ್ ಒಪ್ಪುವುದಿಲ್ಲ, ಮೆತ್ತನೆಯ ಬ್ಯಾಗ್ ಬೇಕು. ಅತ್ತೆಯವರ ಮಂಡಿ ನೋಡಿದರೆ ಇದೇ ಸುಖ. ದುಡ್ಡು ಉಳಿಸಬೇಕು ಅಂದರೆ ಕಾರು, ನಾಲ್ಕೈದು ಗಂಟೆ, ಝೀರಸ್ಟ್ ಊರಿನ ಮೇಲೆ. ಕೊನೆಯ ಭಾಗ ಮಣ್ಣಿನ ರಸ್ತೆ, ಸ್ಟೆಪ್ನಿ ಸರಿ ಇದೆಯಾ ನೋಡಿಕೊಳ್ಳಿ. ರಿಸರ್ವ್‌ಗೆ ಹಲವು ಗೇಟುಗಳಿವೆ, ನಿಮ್ಮ ಲಾಡ್ಜ್‌ಗೆ ಯಾವುದು ಹತ್ತಿರ ಅಂತ ಅವರಿಂದಲೇ ಬರೆಸಿಕೊಳ್ಳಿ, ಮ್ಯಾಪ್ ಒಂದನ್ನೇ ನಂಬಬೇಡಿ. ಕತ್ತಲಾದ ಮೇಲೆ ಆ ದಾರಿಯಲ್ಲಿ ಓಡಿಸಬೇಡಿ, ದನ ಕತ್ತೆ ರಸ್ತೆಯಲ್ಲೇ ಮಲಗಿರುತ್ತವೆ. ಬೆಂಗಳೂರಿನಿಂದ ಬಂದ ದಿನವೇ ಹೊರಡಬೇಡಿ, ಒಂದು ರಾತ್ರಿ ಏರ್‌ಪೋರ್ಟ್ ಹತ್ತಿರ ಉಳಿದು ಬೆಳಗ್ಗೆ ಹೊರಟರೆ ಮಧ್ಯಾಹ್ನದ ಟೀ ಹೊತ್ತಿಗೆ ಮೊದಲೇ ತಲುಪುತ್ತೀರಿ, ಮೊದಲ ದಿನದ ಸಂಜೆ ಸಫಾರಿಯೂ ಸಿಗುತ್ತದೆ. ವೀಸಾಗೆ ಕೊಡುವಾಗ ಮಗಳ ಜನನ ಪ್ರಮಾಣಪತ್ರದಲ್ಲಿ ಅಪ್ಪ ಅಮ್ಮ ಇಬ್ಬರ ಹೆಸರೂ ಪಾಸ್‌ಪೋರ್ಟಿನ ಹಾಗೆಯೇ ಇದೆಯಾ ಅಂತ ಈಗಲೇ ನೋಡಿ, ತಿದ್ದಿಸಬೇಕು ಅಂದರೆ ಊರಲ್ಲಿ ಅದಕ್ಕೇ ತಿಂಗಳು ಹಿಡಿಯಬಹುದು.